‘ಅನುದಾನ ಬಂದಿಲ್ಲ’ ಎಂದರೆ ಯಾವ ಅನುದಾನ? ಬಡಾವಣೆ ರಸ್ತೆಯ ದುಡ್ಡಿನ ಲೆಕ್ಕ

ಪ್ರಶ್ನೆ: ನಮ್ಮದು ಪುರಸಭೆ ವ್ಯಾಪ್ತಿಯ ಬಡಾವಣೆ. ಮನೆ ಮುಂದಿನ ರಸ್ತೆ ಸುಮಾರು 300 ಮೀಟರ್ ಉದ್ದ, ಐದೂವರೆ ಮೀಟರ್ ಅಗಲ. ಎರಡು ವರ್ಷದ ಹಿಂದೆ ಡಾಂಬರು ಹಾಕಿದ್ದರು. ಮರುವರ್ಷವೇ ಕುಡಿಯುವ ನೀರಿನ ಪೈಪಿಗೆಂದು ಒಂದು ಬದಿ ಉದ್ದಕ್ಕೂ ಅಗೆದು, ಮಣ್ಣು ಮುಚ್ಚಿ ಹೋದರು. ಈಗ ಆ ಬದಿ ಕುಸಿದಿದೆ. ಚರಂಡಿ ತುಂಬಿ ನೀರು ರಸ್ತೆಯಲ್ಲೇ ನಿಲ್ಲುತ್ತದೆ, ಶಾಲೆಯ ತಿರುವಿನಲ್ಲಿ ಗುಂಡಿಗಳಾಗಿವೆ. ಕೇಳಿದರೆ ‘ಅನುದಾನ ಬಂದಿಲ್ಲ’ ಎನ್ನುತ್ತಾರೆ. ಪಕ್ಕದ ವಾರ್ಡಿನಲ್ಲಿ ಮಾತ್ರ ಚೆನ್ನಾಗಿದ್ದ ರಸ್ತೆಯ ಮೇಲೇ ಕಾಂಕ್ರೀಟ್ ಹಾಕುತ್ತಿದ್ದಾರೆ. ಆಸ್ತಿ ತೆರಿಗೆ, ವಾಹನದ ರಸ್ತೆ ತೆರಿಗೆ ಎರಡೂ ಕಟ್ಟುತ್ತೇವೆ, ದುಡ್ಡೆಲ್ಲ ಎಲ್ಲಿ ಹೋಗುತ್ತದೆ? ತೆರಿಗೆ ನಿಲ್ಲಿಸೋಣ ಎನ್ನುವವರು ಕೆಲವರು, ಚಂದಾ ಎತ್ತಿ ನಾವೇ ರಿಪೇರಿ ಮಾಡಿಸೋಣ ಎನ್ನುವವರು ಕೆಲವರು. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಜಗಳ ಬೆರೆತಿವೆ. ದುಡ್ಡು ಇದೆಯೋ ಇಲ್ಲವೋ ಎಂಬುದು ಒಂದು. ಎರಡೇ ವರ್ಷಕ್ಕೆ ರಸ್ತೆ ಹಾಳಾದದ್ದು ಏಕೆ, ಅದಕ್ಕೆ ಯಾರು ಹೊಣೆ ಎಂಬುದು ಇನ್ನೊಂದು. ನಿಮ್ಮ ಪತ್ರ ಓದಿದರೆ ಎರಡನೆಯದರಲ್ಲೇ ನಿಮ್ಮ ಕೈ ಮೇಲಿದೆ ಅನ್ನಿಸುತ್ತದೆ, ಆದರೆ ನೀವು ಮೊದಲನೆಯದನ್ನೇ ಹಿಡಿದು ಕೂತಿದ್ದೀರಿ.

ದುಡ್ಡಿನ ವಿಷಯ ನೋಡೋಣ. ‘ಅನುದಾನ ಬಂದಿಲ್ಲ’ ಎಂಬ ಮಾತು ಸುಳ್ಳೇ ಇರಬೇಕೆಂದಿಲ್ಲ, ಅರ್ಧ ಸತ್ಯ ಇರಬಹುದು. ಪುರಸಭೆಯ ಖಜಾನೆಯಲ್ಲಿ ಇರುವುದು ಒಂದೇ ರಾಶಿ ದುಡ್ಡಲ್ಲ. ಪ್ರತಿ ಮೊತ್ತಕ್ಕೂ ಒಂದು ಲೆಕ್ಕಶೀರ್ಷಿಕೆ ಇರುತ್ತದೆ, ಒಂದರ ದುಡ್ಡನ್ನು ಇನ್ನೊಂದಕ್ಕೆ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬೀಳುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಸಣ್ಣ ಪಟ್ಟಣಗಳಿಗೆ ಕೊಟ್ಟ ಅನುದಾನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ 60 ನಿರ್ಬಂಧಿತ: ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೆ, ಉಳಿದರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ರಸ್ತೆಗೆ ಬಳಸಬಹುದಾದದ್ದು ಉಳಿದ ಶೇ 40ರಲ್ಲಿ ಮಾತ್ರ, ಅದಕ್ಕೂ ಬೀದಿದೀಪ, ಮೋರಿ, ಉದ್ಯಾನ ಎಲ್ಲವೂ ಸಾಲುಗಟ್ಟಿರುತ್ತವೆ. ಹಾಗಾಗಿ ‘15ನೇ ಹಣಕಾಸಿನಲ್ಲಿ ಇಷ್ಟು ಬಂದಿದೆಯಂತೆ’ ಎಂದು ಪೂರ್ತಿ ಮೊತ್ತ ಹೇಳಿಕೊಂಡು ಜಗಳಕ್ಕೆ ಹೋದರೆ ಕಚೇರಿಯಲ್ಲಿ ಸುಲಭವಾಗಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ.

ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲೂ, ಅಂದರೆ ಎಲ್ಲರೂ ಎಸ್‌ಎಫ್‌ಸಿ ಎನ್ನುವುದರಲ್ಲೂ, ವೇತನಕ್ಕೆ ಬೇರೆ, ವಿದ್ಯುತ್ ಬಿಲ್ಲಿಗೆ ಬೇರೆ ಎಂದು ಹಂಚಿಕೆ ಇದೆ. ರಸ್ತೆಗೆ ದಕ್ಕುವುದು ಎಸ್‌ಎಫ್‌ಸಿ ಮುಕ್ತನಿಧಿ, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ದುಡ್ಡು. ಅದರಲ್ಲೂ, ಪುರಸಭೆಯ ಸ್ವಂತ ನಿಧಿಯಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು. ನಿಮ್ಮ ರಸ್ತೆ ಪರಿಶಿಷ್ಟರ ಕಾಲೊನಿಗೆ ಹೋಗುವ ದಾರಿಯೂ ಆಗಿದ್ದರೆ ಮೀಸಲು ನಿಧಿಯಲ್ಲಿ ಕಾಮಗಾರಿ ಎತ್ತಿಕೊಳ್ಳಲು ಸಾಧ್ಯವೇ ಎಂದು ಕೇಳಿ ನೋಡಿ. ಇವುಗಳ ಜೊತೆಗೆ ಮುಖ್ಯಮಂತ್ರಿಗಳ ನಗರೋತ್ಥಾನದಂಥ ಯೋಜನೆಗಳು ಹಂತಹಂತವಾಗಿ ಬರುತ್ತವೆ. ಅವಕ್ಕೆ ಮೊದಲೇ ಅನುಮೋದನೆಯಾದ ಕ್ರಿಯಾಯೋಜನೆ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ರಸ್ತೆಯನ್ನು ನಡುವೆ ತೂರಿಸುವುದು ಕಷ್ಟ, ಪಟ್ಟಿಯಲ್ಲಿರುವ ರಸ್ತೆ ಅಷ್ಟರಲ್ಲಿ ಬೇರೆ ದುಡ್ಡಿನಲ್ಲಿ ಸುಧಾರಿಸಿದ್ದರೂ ಕೆಲಸ ಕೈಬಿಡುವವರು ಕಡಿಮೆ. ಪಕ್ಕದ ವಾರ್ಡಿನ ಕಾಂಕ್ರೀಟ್ ಇಂಥದ್ದೇ ಒಂದು ಪಟ್ಟಿಯ ಫಲ ಆಗಿರಬಹುದು. ಸದಸ್ಯರ ಒತ್ತಡವೂ ಆಗಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಯಾವ ಲೆಕ್ಕಶೀರ್ಷಿಕೆ, ಯಾವ ವರ್ಷದ ಕ್ರಿಯಾಯೋಜನೆ ಎಂದು ಕೇಳಿದರೆ ಸಂಶಯ ಅಲ್ಲೇ ತೀರುತ್ತದೆ.

ಇನ್ನು ರಸ್ತೆ ತೆರಿಗೆ. ವಾಹನ ಕೊಂಡಾಗ ಕಟ್ಟುವ ಜೀವಾವಧಿ ತೆರಿಗೆ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ನೇರವಾಗಿ ರಾಜ್ಯದ ಖಜಾನೆಗೆ ಹೋಗುತ್ತದೆ. ನಿಮ್ಮ ಪುರಸಭೆಗೆ ಅದರಲ್ಲಿ ‘ಇದು ನಿಮ್ಮೂರ ವಾಹನಗಳ ಪಾಲು’ ಎಂದು ಬರುವುದಿಲ್ಲ. ಪೆಟ್ರೋಲು, ಡೀಸೆಲಿನ ಮೇಲೆ ಕೇಂದ್ರ ಹಾಕುವ ರಸ್ತೆ ಸೆಸ್ ಕೂಡ ಹೆದ್ದಾರಿ ಮತ್ತು ಲೋಕೋಪಯೋಗಿ ಇಲಾಖೆಯ ರಸ್ತೆಗಳ ಕಡೆ ಹೋಗುವಂಥದ್ದು. ಬಡಾವಣೆಯ ರಸ್ತೆಗೆ ನಿಮ್ಮ ಜೇಬಿನಿಂದ ನೇರವಾಗಿ ಸಂದಾಯವಾಗುವುದು ಆಸ್ತಿ ತೆರಿಗೆಯೊಂದೇ. ಅದರ ರಸೀದಿಯಲ್ಲೂ ಕೆಲವು ಸಾಲು ಪುರಸಭೆಯದ್ದಲ್ಲ: ಗ್ರಂಥಾಲಯ ಕರ, ಭಿಕ್ಷುಕರ ಕರ ಇವನ್ನು ಪುರಸಭೆ ವಸೂಲು ಮಾಡಿ ಬೇರೆಯವರಿಗೆ ದಾಟಿಸಬೇಕು.

ನಿಜವಾದ ತೊಡಕು ಇರುವುದು ಇಲ್ಲಿ. ಮೇಲಿನಿಂದ ಬರುವ ಅನುದಾನಕ್ಕೆ ಹೊಸ ಕಾಮಗಾರಿ ಎಂದರೆ ಪ್ರೀತಿ. ಶಂಕುಸ್ಥಾಪನೆ, ನಾಮಫಲಕ, ಫೋಟೊ ಎಲ್ಲ ಹೊಸ ಕೆಲಸಕ್ಕೇ. ಇದ್ದ ರಸ್ತೆಯ ಬಿರುಕಿಗೆ ಡಾಂಬರು ತುಂಬಿಸುವುದು, ಚರಂಡಿ ಹೂಳೆತ್ತುವುದು, ಅಂಚಿಗೆ ಗ್ರಾವೆಲ್ ಹಾಕಿ ಗಟ್ಟಿ ಮಾಡುವುದು, ಇಂಥ ನಿರ್ವಹಣೆಯ ಬಹುಪಾಲು ಪುರಸಭೆಯ ಸ್ವಂತ ಆದಾಯದಲ್ಲೇ ಆಗಬೇಕು. ಆ ಆದಾಯ ಎಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ, ಇಷ್ಟೇ. ಅದರಲ್ಲಿ ಹೊರಗುತ್ತಿಗೆ ಸಿಬ್ಬಂದಿಯ ಸಂಬಳ, ಕಸದ ಗಾಡಿಯ ಡೀಸೆಲ್, ಮೋಟಾರು ಪಂಪಿನ ರಿಪೇರಿ ಮುಗಿಯುವ ಹೊತ್ತಿಗೆ ರಸ್ತೆ ನಿರ್ವಹಣೆಯ ಸಾಲಿನಲ್ಲಿ ಉಳಿಯುವುದು ಪುಡಿಗಾಸು. ಪಟ್ಟಣಗಳ ರಸ್ತೆ ಹದಗೆಡುವುದು ಹೊಸ ರಸ್ತೆಗೆ ದುಡ್ಡಿಲ್ಲದ್ದಕ್ಕಿಂತ ಹೆಚ್ಚಾಗಿ ಈ ಸಾಲು ಖಾಲಿ ಇರುವುದರಿಂದ, ಇದು ನನ್ನ ಖಚಿತ ಅಭಿಪ್ರಾಯ.

ರಸ್ತೆ ಹಾಳಾದದ್ದು ಏಕೆ

ಡಾಂಬರು ರಸ್ತೆಗೆ ಶತ್ರು ನೀರು. ಭಾರದ ವಾಹನವೇ ಓಡದ ಬಡಾವಣೆಯಲ್ಲೂ ನೀರು ನಿಂತರೆ ಸಾಕು. ಜಲ್ಲಿಗೂ ಡಾಂಬರಿಗೂ ಇರುವ ಹಿಡಿತ ಬಿಡುತ್ತದೆ, ಮೇಲೆ ಚಕ್ರ ಹಾಯ್ದಾಗ ಜಲ್ಲಿ ಕಿತ್ತು ಬರುತ್ತದೆ, ಕಿತ್ತ ಜಾಗದಿಂದ ನೀರು ತಳಕ್ಕಿಳಿದು ಬುನಾದಿ ಮೆತ್ತಗಾಗುತ್ತದೆ. ಆಮೇಲೆ ಗುಂಡಿ ಬೆಳೆಯುವುದಕ್ಕೆ ಒಂದು ಮಳೆಗಾಲ ಸಾಕು.

ನಿಮ್ಮಲ್ಲಿ ಎರಡು ಕಡೆಯಿಂದ ನೀರು ನುಗ್ಗಿದೆ. ಚರಂಡಿ ಕಟ್ಟಿಕೊಂಡದ್ದು ಒಂದು. ಅದರ ಜೊತೆಗೆ ರಸ್ತೆಗೆ ಇಳಿಜಾರು ಇದೆಯೇ ಎಂದೂ ನೋಡಿ. ಐದೂವರೆ ಮೀಟರ್ ಅಗಲದ ರಸ್ತೆಯ ನಡುಭಾಗ ಅಂಚಿಗಿಂತ ಆರೇಳು ಸೆಂಟಿಮೀಟರ್ ಎತ್ತರ ಇರಬೇಕು. ಇಬ್ಬರು ಎರಡೂ ಅಂಚಿನಲ್ಲಿ ಒಂದೇ ಎತ್ತರದ ಇಟ್ಟಿಗೆ ಇಟ್ಟು, ಅದರ ಮೇಲೆ ದಾರ ಬಿಗಿಯಾಗಿ ಹಿಡಿಯಲಿ. ದಾರದಿಂದ ರಸ್ತೆಯ ಮೇಲ್ಮೈಗಿರುವ ಅಂತರ ನಡುವಿನಲ್ಲಿ ಇಟ್ಟಿಗೆಯ ಎತ್ತರಕ್ಕಿಂತ ಆರೇಳು ಸೆಂಟಿಮೀಟರ್ ಕಡಿಮೆ ಬಂದರೆ ಸರಿ ಇದೆ. ಸಮವಾಗಿ ಬಂದರೆ ಎಷ್ಟು ಸಲ ಡಾಂಬರು ಹಾಕಿದರೂ ನೀರು ನಿಲ್ಲುತ್ತದೆ. ಹಾಂ, ಇಟ್ಟಿಗೆಯನ್ನು ಕುಸಿದ ಬದಿಯಲ್ಲಿ ಇಡಬೇಡಿ, ಅಳತೆ ಕೆಡುತ್ತದೆ. ಅಂಚು ಗಟ್ಟಿಯಿರುವ ಜಾಗ ನೋಡಿಕೊಳ್ಳಿ.

ಇನ್ನೊಂದು, ಪೈಪಿನ ಕಾಲುವೆ. ಅರವತ್ತು ಸೆಂಟಿಮೀಟರ್ ಅಗಲ, ಒಂದು ಮೀಟರ್ ಆಳ ಅಗೆದರೆ ಮಣ್ಣನ್ನು ಹದಿನೈದಿಪ್ಪತ್ತು ಸೆಂಟಿಮೀಟರಿನ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ಹದವಾಗಿ ನೀರು ಕೊಟ್ಟು ಯಂತ್ರದಿಂದ ದಮ್ಮಸ್ಸು ಮಾಡಬೇಕು. ಅಂದರೆ ಕನಿಷ್ಠ ಐದಾರು ಪದರ. ಅದರ ಮೇಲೆ ಜಲ್ಲಿ ಬುನಾದಿ, ಅದರ ಮೇಲೆ ಕಾಲುವೆಯ ಎರಡೂ ಪಕ್ಕ ಒಂದು ಗೇಣು ಹೆಚ್ಚಿಗೆ ನೇರವಾಗಿ ಕತ್ತರಿಸಿ ಡಾಂಬರು. ಆಗುವುದೇನು? ಅಗೆದ ಮಣ್ಣನ್ನೇ ಜೆಸಿಬಿ ಬಕೆಟ್ಟಿನಲ್ಲಿ ಒಮ್ಮೆಲೇ ನೂಕಿ, ಮೇಲೆ ಅದರ ಚಕ್ರ ಹತ್ತಿಸಿ ಹೋಗುತ್ತಾರೆ. ಅಂಥ ಮಣ್ಣು ಕುಸಿದೇ ಕುಸಿಯುತ್ತದೆ. ಅದರ ಮೇಲೆ ಈಗ ಹೊಸ ಡಾಂಬರು ಹಾಸಿದರೂ ಅದೇ ಗೆರೆಯಲ್ಲಿ ಮತ್ತೆ ಕುಸಿತ ಕಾಣುತ್ತದೆ. ಕಾಂಕ್ರೀಟ್ ಹಾಕಿದರೆ ಕುಸಿಯುವ ಬದಲು ಉದ್ದಕ್ಕೆ ಸೀಳುತ್ತದೆ, ಅಷ್ಟೇ ವ್ಯತ್ಯಾಸ.

ಕಾಂಕ್ರೀಟ್ ಮಾತು ಬಂದದ್ದರಿಂದ ಹೇಳುತ್ತೇನೆ. ‘ಒಮ್ಮೆ ಕಾಂಕ್ರೀಟ್ ಹಾಕಿಬಿಟ್ಟರೆ ಮೂವತ್ತು ವರ್ಷ ತಲೆನೋವಿಲ್ಲ’ ಎಂಬ ನಂಬಿಕೆ ಎಲ್ಲೆಡೆ ಇದೆ. ಬುನಾದಿ ಗಟ್ಟಿಯಿದ್ದು, ಸುಮಾರು ನಾಲ್ಕೂವರೆ ಮೀಟರಿಗೊಂದು ಜಾಯಿಂಟ್ ಹೊತ್ತಿಗೆ ಸರಿಯಾಗಿ ಕತ್ತರಿಸಿ, ಎರಡು ವಾರವಾದರೂ ಬಿಡದೆ ಕ್ಯೂರಿಂಗ್ ಮಾಡಿದರೆ ಅದು ನಿಜವೂ ಹೌದು. ಆದರೆ ಹಳೆಯ ರಸ್ತೆ ಕೆರೆಯದೆ ಮೇಲೇ ಹಾಕಿದರೆ ರಸ್ತೆ ಹದಿನೈದು ಸೆಂಟಿಮೀಟರಿಗೂ ಹೆಚ್ಚು ಏರಿ, ಮಳೆ ನೀರು ಮನೆ ಅಂಗಳಕ್ಕೆ ನುಗ್ಗುತ್ತದೆ. ನಾಳೆ ಒಳಚರಂಡಿ ಬಂದರೆ ಅದನ್ನೂ ಒಡೆಯುತ್ತಾರೆ. ಒಳಚರಂಡಿ ಇನ್ನೂ ಬರಬೇಕಿರುವ ಊರಿನಲ್ಲಿ ಬಡಾವಣೆಯ ರಸ್ತೆಗೆ ಕಾಂಕ್ರೀಟ್ ಕೇಳುವುದು ದುಡ್ಡು ಹಾಳು.

ಮೊದಲು ತಿಳಿಯಬೇಕಾದ ಎರಡು ಸಂಗತಿ

ರಸ್ತೆ ಯಾರದ್ದು? ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಊರೊಳಗೆ ಹಾಯ್ದರೂ ಅಷ್ಟೆ. ಬಡಾವಣೆ ರಸ್ತೆ ಪುರಸಭೆಯದ್ದು, ಆದರೆ ಬಡಾವಣೆ ಪುರಸಭೆಗೆ ಹಸ್ತಾಂತರವಾಗಿದ್ದರೆ ಮಾತ್ರ. ಖಾಸಗಿಯವರು ಅಭಿವೃದ್ಧಿ ಮಾಡಿದ ಎಷ್ಟೋ ಬಡಾವಣೆಗಳು ಕಾಗದದ ಮೇಲೆ ಇನ್ನೂ ಹಸ್ತಾಂತರವಾಗಿಲ್ಲ, ಅಂಥ ಕಡೆ ಅನುದಾನ ಬಂದರೂ ಖರ್ಚು ಮಾಡಲು ಎಂಜಿನಿಯರ್ ಹೆದರುತ್ತಾರೆ. ನಿಮ್ಮಲ್ಲಿ ಎರಡು ವರ್ಷದ ಹಿಂದೆ ಪುರಸಭೆಯೇ ಡಾಂಬರು ಹಾಕಿಸಿದ್ದರೆ ಈ ಚಿಂತೆ ಬಹುಶಃ ಇಲ್ಲ.

ದೋಷ ಹೊಣೆ ಅವಧಿ ಮುಗಿದಿದೆಯೇ? ಗುತ್ತಿಗೆ ಕರಾರಿನಲ್ಲಿ ಇಂತಿಷ್ಟು ಕಾಲ ರಸ್ತೆ ಕೆಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕೆಂಬ ಷರತ್ತು ಇರುತ್ತದೆ. ಕಚೇರಿಯಲ್ಲಿ ಅದನ್ನು ಡಿಎಲ್‌ಪಿ ಎನ್ನುತ್ತಾರೆ. ಎಷ್ಟು ವರ್ಷ ಎಂಬುದು ಕಾಮಗಾರಿಯಿಂದ ಕಾಮಗಾರಿಗೆ ಬೇರೆ, ಟೆಂಡರ್ ದಾಖಲೆಯಲ್ಲೇ ನೋಡಬೇಕು. ಅವಧಿ ಮುಗಿಯುವವರೆಗೆ ಗುತ್ತಿಗೆದಾರನ ಬಿಲ್ಲಿನಿಂದ ಹಿಡಿದ ಭದ್ರತಾ ಠೇವಣಿ ಪುರಸಭೆಯ ಬಳಿಯೇ ಇರುತ್ತದೆ. ಎರಡೇ ವರ್ಷದ ರಸ್ತೆ ಎಂದರೆ ಅವಧಿ ಇನ್ನೂ ಇರುವ ಸಾಧ್ಯತೆ ಚೆನ್ನಾಗಿದೆ, ಮುಗಿಯಲು ಕೆಲವೇ ತಿಂಗಳು ಉಳಿದಿರಲೂಬಹುದು. ಅವಧಿ ತೀರಿ ಠೇವಣಿ ಮರಳಿಸಿಬಿಟ್ಟರೆ ಆಮೇಲೆ ಯಾರನ್ನೂ ಹಿಡಿಯುವಂತಿಲ್ಲ. ಹಾಗಾಗಿ ಈ ಒಂದು ವಿಷಯಕ್ಕೆ ಅವಸರ ಮಾಡಿ.

ಗುತ್ತಿಗೆದಾರ ‘ಪೈಪಿನವರು ಅಗೆದರು, ನನ್ನ ಹೊಣೆ ಇಲ್ಲ’ ಎನ್ನುತ್ತಾನೆ. ಕಾಲುವೆಯ ಗೆರೆಯ ಮಟ್ಟಿಗೆ ಅವನ ಮಾತಿಗೆ ಬಲವಿದೆ. ಶಾಲೆಯ ತಿರುವಿನ ಗುಂಡಿ ಕಾಲುವೆಯ ಬದಿಯಲ್ಲಿದೆಯೋ ಎದುರು ಬದಿಯಲ್ಲಿದೆಯೋ? ಎದುರು ಬದಿಯಲ್ಲಿದ್ದರೆ ಅದು ಅವನದ್ದೇ. ಟೇಪು ಹಿಡಿದು, ಕಾಲುವೆಯ ಅಂಚಿನಿಂದ ಗುಂಡಿಗಿರುವ ದೂರ ಕಾಣುವಂತೆ ತಾರೀಖಿನ ಸಮೇತ ಫೋಟೊ ತೆಗೆದಿಡಿ. ಇನ್ನು ಕಾಲುವೆಯ ಪಾಲು. ಅಗೆದದ್ದು ಬೇರೆ ಸಂಸ್ಥೆಯಾದರೆ ರಸ್ತೆ ಅಗೆತಕ್ಕೆ ಅನುಮತಿ ಪಡೆಯುವಾಗ ಪುನರ್‌ನಿರ್ಮಾಣದ ಶುಲ್ಕ ಕಟ್ಟಿರಬೇಕು, ಇಲ್ಲವೇ ತಾನೇ ಸರಿಪಡಿಸುವ ಕರಾರು ಮಾಡಿಕೊಂಡಿರಬೇಕು. ಪುರಸಭೆಯದೇ ನೀರಿನ ಕಾಮಗಾರಿಯಾದರೆ ಆ ಟೆಂಡರಿನ ಅಂದಾಜು ಪಟ್ಟಿಯಲ್ಲೇ ರಸ್ತೆ ಮರುಸ್ಥಾಪನೆ ಎಂದು ಒಂದು ಬಾಬತ್ತು ಇದೆಯೇ ನೋಡಿ. ಇದ್ದು, ಕೆಲಸ ಮಾಡದೆ ಬಿಲ್ ಆಗಿದ್ದರೆ ಅದು ಗಂಭೀರ ವಿಷಯ. ಹೇಗೆ ನೋಡಿದರೂ ನಿಮ್ಮ ರಸ್ತೆಯ ಈ ಬದಿಗೆ ಹೊಸ ಅನುದಾನ ಬೇಕಾಗಿಯೇ ಇಲ್ಲದಿರಬಹುದು.

ಈ ಕಾಗದಗಳನ್ನು ಮಾಹಿತಿ ಹಕ್ಕಿನಲ್ಲಿ ತರಿಸಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಆದ್ದರಿಂದ ಡಾಂಬರು ಕಾಮಗಾರಿಗೆ ಒಂದು ಅರ್ಜಿ, ಪೈಪಿನ ಅಗೆತಕ್ಕೆ ಇನ್ನೊಂದು. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಎಂದು ಬರೆದು ಕಳಿಸುತ್ತಾರೆ. ದಾಖಲೆ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಸಂಬಂಧಿಸಿದ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ದೋಷ ಹೊಣೆ ಅವಧಿ ಮುಗಿಯುವ ದಿನಾಂಕ ತೋರಿಸುವ ಪುಟ, ಠೇವಣಿ ಮರಳಿಸಿದ್ದರೆ ಅದರ ಆದೇಶ. ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದನ್ನು ಬಳಸುವವರು ಬಹಳ ಕಡಿಮೆ.

ನಿಮ್ಮ ಮುಂದಿರುವ ದಾರಿಗಳು

ದೋಷ ಹೊಣೆ ಅವಧಿ ಇನ್ನೂ ಇದೆ ಎಂದು ಖಾತ್ರಿಯಾದರೆ ಮುಖ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಕಳಿಸಿ. ಇದು ಪುರಸಭೆಗೆ ಖರ್ಚಿಲ್ಲದ ದಾರಿ, ಆದ್ದರಿಂದ ‘ಅನುದಾನ ಇಲ್ಲ’ ಎನ್ನಲು ಬರುವುದಿಲ್ಲ. ಒಂದು ಅಪಾಯವೂ ಇದೆ. ಗುತ್ತಿಗೆದಾರ ಬಂದು ಗುಂಡಿಗೆ ಜಲ್ಲಿಪುಡಿ ತುಂಬಿ, ಮೇಲೆ ಒಂದಿಷ್ಟು ಡಾಂಬರು ಬಳಿದು ‘ಸರಿಪಡಿಸಲಾಗಿದೆ’ ಎಂದು ಬರೆಸಿಕೊಂಡು ಹೋಗಬಹುದು. ತೇಪೆ ನಿಲ್ಲಬೇಕಾದರೆ ಗುಂಡಿಯ ಸುತ್ತ ಗಟ್ಟಿ ಭಾಗದವರೆಗೆ ಚೌಕವಾಗಿ, ಅಂಚು ನೆಟ್ಟಗಿರುವಂತೆ ಕತ್ತರಿಸಬೇಕು. ಮಣ್ಣು, ದೂಳು, ನೀರು ಪೂರ್ತಿ ತೆಗೆಯಬೇಕು. ತಳಕ್ಕೂ ನಾಲ್ಕು ಗೋಡೆಗೂ ತೆಳುವಾಗಿ ಡಾಂಬರಿನ ಅಂಟು ಪದರ ಹಚ್ಚಬೇಕು, ಬಳಿಕ ಬಿಸಿ ಮಿಶ್ರಣ ತುಂಬಿ ದಮ್ಮಸ್ಸು ಮಾಡಬೇಕು. ಆಳ ಹೆಚ್ಚಿದ್ದರೆ ಎರಡು ಪದರ. ಗುಂಡಗಿನ ತೇಪೆ, ತೆಳ್ಳಗೆ ಹರಡಿ ಮುಗಿಸಿದ ಅಂಚು ಕಂಡರೆ ಅದು ಮುಂದಿನ ಮಳೆಗೇ ಏಳುತ್ತದೆ ಎಂದು ತಿಳಿಯಿರಿ. ಮೊಸಳೆ ಚರ್ಮದಂತೆ ಬಿರುಕುಬಿಟ್ಟ ಜಾಗದಲ್ಲಂತೂ ಕೆಟ್ಟಿರುವುದು ಬುನಾದಿ, ಅಲ್ಲಿ ಜಲ್ಲಿ ಪದರವನ್ನೇ ತೆಗೆದು ಮತ್ತೆ ತುಂಬದೆ ಗತಿಯಿಲ್ಲ.

ಅವಧಿ ಮುಗಿದಿದ್ದರೆ ಎರಡು ಬೇಡಿಕೆ ಬೇರೆ ಬೇರೆಯಾಗಿ ಇಡಿ. ಚರಂಡಿ ಹೂಳು, ತೇಪೆ ಇವನ್ನು ಈ ವರ್ಷದ ನಿರ್ವಹಣೆಯಲ್ಲಿ ಕೇಳಿ. ಮೊತ್ತ ಚಿಕ್ಕದು, ಮುಖ್ಯಾಧಿಕಾರಿಯ ಮಟ್ಟದಲ್ಲಿ ದಾರಿ ಸಿಗುವ ಸಾಧ್ಯತೆ ಹೆಚ್ಚು. ಪೂರ್ತಿ ಮರುಡಾಂಬರನ್ನು ಮುಂದಿನ ಕ್ರಿಯಾಯೋಜನೆಗೆ ಕೇಳಿ. ಪುರಸಭೆಗಳು ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ, ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರುವರಿ ಒಳಗೆ. ಅಲ್ಲಿಗೆ ಬರುವವರೇ ಬೆರಳೆಣಿಕೆ. ಹೋಗಿ, ರಸ್ತೆಯ ಉದ್ದ, ಅಗಲ, ಚರಂಡಿಯ ಸ್ಥಿತಿ ಬರೆದ ಒಂದು ಪುಟ ಕೊಟ್ಟು ನಡಾವಳಿಯಲ್ಲಿ ಸೇರಿಸಲು ಹೇಳಿ. ಚುನಾಯಿತ ಮಂಡಳಿ ಇಲ್ಲದೆ ಆಡಳಿತಾಧಿಕಾರಿ ಇದ್ದರೆ ಅವರಿಗೇ ಕೊಡಿ. ಕ್ರಿಯಾಯೋಜನೆಗೆ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇಷ್ಟಾಗಲು ತಿಂಗಳುಗಳೇ ಬೇಕು, ನಡುವೆ ಮಳೆಗಾಲದಲ್ಲಿ ಬಿಸಿ ಡಾಂಬರಿನ ಕೆಲಸ ನಿಲ್ಲುತ್ತದೆ. ಹಾಗಾಗಿ ಜೂನ್‌ನಲ್ಲಿ ಗಲಾಟೆ ಮಾಡಿದರೆ ಸಿಗುವುದು ಭರವಸೆ ಮಾತ್ರ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಇಡೀ ಕ್ಷೇತ್ರಕ್ಕೆ ಇಷ್ಟೇ. ಸಂಸದರ ನಿಧಿಯ ಉದ್ದೇಶವೇ ಬಾಳಿಕೆ ಬರುವ ಹೊಸ ಆಸ್ತಿ, ಗುಂಡಿ ಮುಚ್ಚಲು ಅಲ್ಲ. ಬಸ್ ತಂಗುದಾಣದಂಥದ್ದಕ್ಕೆ ಈ ನಿಧಿಗಳನ್ನು ಕೇಳುವುದು ಜಾಣತನ. ಶಾಲೆಯ ತಿರುವಿಗೆ ವಾಹನದ ವೇಗ ತಗ್ಗಿಸುವ ಉಬ್ಬು ಕೇಳುವವರಿದ್ದರೆ ಒಂದು ಮಾತು: ರಸ್ತೆ ಕೆಲಸದ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಉಬ್ಬು 3.7 ಮೀಟರ್ ಉದ್ದಕ್ಕೆ ಇಳಿಜಾರಾಗಿ, 10 ಸೆಂಟಿಮೀಟರ್ ಎತ್ತರ. ಒಂದಡಿ ಅಗಲದ ಗೋಡೆಯಂಥದ್ದು ಬೇಡ.

ತೆರಿಗೆ ನಿಲ್ಲಿಸುವ ಯೋಚನೆ ಬಿಡಿ. ದಂಡ ನಿಮ್ಮ ಖಾತೆಗೇ ಬೀಳುತ್ತದೆ, ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇ 5 ರಿಯಾಯಿತಿಯೂ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ ನಿರ್ವಹಣೆಯ ದುಡ್ಡು ಬರುವುದೇ ಆ ತೆರಿಗೆಯಿಂದ. ಮೇಲಾಗಿ 15ನೇ ಹಣಕಾಸು ಆಯೋಗ ನಗರ ಸಂಸ್ಥೆಗಳ ಅನುದಾನಕ್ಕೆ ಆಸ್ತಿ ತೆರಿಗೆ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕೆಂಬ ಷರತ್ತು ಹಾಕಿತ್ತು. ಬೀದಿಗೆ ಬೀದಿ ತೆರಿಗೆ ನಿಲ್ಲಿಸಿದರೆ ಬರುವ ಅನುದಾನಕ್ಕೂ ಕಲ್ಲು ಬೀಳುತ್ತದೆ.

ಚಂದಾ ಎತ್ತುವುದಕ್ಕೆ ನನ್ನ ವಿರೋಧವಿಲ್ಲ, ಎಲ್ಲಿ ಖರ್ಚು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ. ರಸ್ತೆ ಪುರಸಭೆಯ ಆಸ್ತಿ, ಲಿಖಿತ ಅನುಮತಿ ಇಲ್ಲದೆ ಕೈ ಹಾಕಬೇಡಿ. ನೀವು ಹಾಕಿದ ತೇಪೆಯನ್ನೇ ತೋರಿಸಿ ಹಳೆಯ ಗುತ್ತಿಗೆದಾರ ಹೊಣೆಯಿಂದ ನುಣುಚಿಕೊಳ್ಳಬಹುದು. ಗುಂಡಿಗೆ ಕಟ್ಟಡದ ಅವಶೇಷ ಸುರಿಯುವುದಂತೂ ಬೇಡವೇ ಬೇಡ, ಅದು ನೀರು ಹೀರಿ ಸುತ್ತಲಿನ ಬುನಾದಿಯನ್ನೂ ಕೆಡಿಸುತ್ತದೆ. ಅನುಮತಿ ಸಿಕ್ಕರೆ ಆ ದುಡ್ಡಿನಲ್ಲಿ ಚರಂಡಿ ಹೂಳೆತ್ತಿಸಿ. ಕಡಿಮೆ ಖರ್ಚಿನಲ್ಲಿ ರಸ್ತೆಯ ಆಯುಸ್ಸು ಹೆಚ್ಚುವುದು ಅಲ್ಲೇ.

ಕೊನೆಗೆ, ಮರುಡಾಂಬರು ಮಂಜೂರಾದರೆ ಲೆಕ್ಕ ಹಾಕಿಟ್ಟುಕೊಳ್ಳಿ. 300 ಮೀಟರ್ ಗುಣಿಸು 5.5 ಎಂದರೆ 1,650 ಚದರ ಮೀಟರ್. ಅಂದಾಜು ಪಟ್ಟಿಯಲ್ಲಿ 40 ಮಿಲಿಮೀಟರ್ ಪದರ ಎಂದಿದ್ದರೆ 66 ಘನ ಮೀಟರ್ ಮಿಶ್ರಣ, ಘನ ಮೀಟರಿಗೆ ಸುಮಾರು 2.4 ಟನ್ನಿನಂತೆ 158 ಟನ್. ಹತ್ತು ಟನ್ನಿನ ಟಿಪ್ಪರ್ ಆದರೆ ಹದಿನಾರು ಲೋಡು. ಹತ್ತೇ ಲೋಡಿಗೆ ಕೆಲಸ ಮುಗಿದರೆ ಬಿದ್ದಿರುವುದು 25 ಮಿಲಿಮೀಟರ್. ಹಾಸುವಾಗ ಮಿಶ್ರಣದ ಬಿಸಿ 140 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮುಂಚೆ ರೋಲರ್ ಕೆಲಸ ಮುಗಿದಿರಬೇಕು. ಇದು ಸಾಮಾನ್ಯವಾಗಿ ಬಳಸುವ ವಿಜಿ-30 ಎಂಬ ದರ್ಜೆಯ ಡಾಂಬರಿನ ಲೆಕ್ಕ. ತೂಕದ ಚೀಟಿಗಳ ಫೋಟೊ ತೆಗೆದುಕೊಳ್ಳಲು ಎಂಜಿನಿಯರ್ ಅವರನ್ನು ಮೊದಲೇ ವಿನಯದಿಂದ ಕೇಳಿಟ್ಟಿರಿ. ಅಂದು ಬೆಳಿಗ್ಗೆ ಟಿಪ್ಪರ್ ಮುಂದೆ ನಿಂತು ಕೇಳಿದರೆ ಜಗಳವಾಗುತ್ತದೆ. ನಲ್ಲಿ ಸಂಪರ್ಕ ಬದಲಿಸಬೇಕಾದ ಮನೆಗಳಿದ್ದರೆ ಆ ಅಗೆತ ಕಾರ್ಯಾದೇಶದ ದಿನದೊಳಗೆ ಮುಗಿದು, ಮಣ್ಣು ಪದರಪದರವಾಗಿ ಗಟ್ಟಿಯಾಗಿರಲಿ.